ಭಾವನ ಲೆಕ್ಕದ ಗೊಮ್ಮಟ

ನನ್ನ ಅಕ್ಕನ ಗಂಡ ಬಹಳ ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಏನು ಬೇಕಾದರೂ ಬರೆಯಬಹುದು. ಅವರಿಗೆ ಬಿ.ಪಿ. ಇಲ್ಲ, ಶುಗರ್ ಇಲ್ಲ, ಸಂಶಯ ಎನ್ನುವುದಂತೂ ಹುಟ್ಟಿದಾಗಿನಿಂದಲೂ ಇಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಅವರ ಪಕ್ಕದ ಎಲೆಗೆ ಜನ ಸಿಗುವುದು ಕಷ್ಟ. ಗೊತ್ತಿಲ್ಲದೆ ಕೂತವರು ಮಜ್ಜಿಗೆಗೆ ಕಾಯದೆ ಏಳುತ್ತಾರೆ.

ಭಾವನ ಪ್ರಕಾರ ಕರ್ನಾಟಕದಲ್ಲಿ ಕಲ್ಲಿನಿಂದ ಕಟ್ಟಿದ ದೊಡ್ಡದೇನೇ ಇದ್ದರೂ ಅದು ವಿಶ್ವೇಶ್ವರಯ್ಯನವರದು. ವಿಧಾನಸೌಧವೂ ಸೇರಿ.

"ಭಾವ, ಅವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರಲ್ಲಿ. ಕಟ್ಟಿಸಿದ್ದು ಕೆಂಗಲ್ ಹನುಮಂತಯ್ಯ" ಎಂದೆ.

"ಕಟ್ಟುವಾಗ ವಿಶ್ವೇಶ್ವರಯ್ಯ ಬದುಕಿದ್ದರೋ ಇಲ್ಲವೋ?"

"ಬದುಕಿದ್ದರು."

"ಹಾಂ, ಹಾಗೆ ಬಾ ದಾರಿಗೆ!"

ಇಂಥವರ ಜೊತೆ ಶ್ರವಣಬೆಳಗೊಳಕ್ಕೆ ಹೋಗಬಾರದು. ಹೋದರೂ ಬೇಸಿಗೆಯಲ್ಲಿ ಹೋಗಬಾರದು, ಏಕೆಂದರೆ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಬೇಕು. ಮೇಲೆ ಹೋಗಿ ನಿಂತವರೇ ಭಾವ ಬಾಹುಬಲಿಯ ಗೊಮ್ಮಟಮೂರ್ತಿಯತ್ತ ತಲೆಯೆತ್ತಿ, "70 ಅಡಿ" ಎಂದರು. ನಾನು 57 ಎಂದೆ. "ನೀನು ಅಳೆದಿದ್ದೀಯಾ?" ಎಂದರು. "ನೀವು ಅಳೆದಿದ್ದೀರಾ?" ಎಂದೆ. "ನನಗೆ ಕಣ್ಣಿದೆಯಪ್ಪ" ಎಂದರು. ಕಾದ ಬಂಡೆಯ ಮೇಲೆ ಇಬ್ಬರೂ ಒಂದೊಂದೇ ಕಾಲೆತ್ತಿ ಕುಣಿಯುತ್ತ ವಾದ ಮಾಡಿದೆವು. ಅಂಗಾಲು ಸುಟ್ಟರೂ ಅಂಕಿ ಬಿಡಲಿಲ್ಲ. ಅಕ್ಕ ನಮ್ಮಿಬ್ಬರ ಪರಿಚಯವೇ ಇಲ್ಲದವಳ ಹಾಗೆ ನೆರಳಿಗೆ ಹೋಗಿ ಕೂತಳು.

ಜಗಳ ನಡೆದದ್ದು ಯಾರ ಪಾದದ ಬುಡದಲ್ಲಿ ಎನ್ನುವುದು ಹೊಳೆದದ್ದು ಅರ್ಧ ಬೆಟ್ಟ ಇಳಿದ ಮೇಲೆ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋಲಿಸಿ, ಗೆದ್ದದ್ದನ್ನು ಅವನಿಗೇ ಬಿಟ್ಟು ತಪಸ್ಸಿಗೆ ನಿಂತ ಮನುಷ್ಯ! ನನ್ನ ಕೈಲಿ ಒಂದು 57 ಬಿಡಲಾಗಲಿಲ್ಲ. ಆದರೆ ಇದರಲ್ಲೊಂದು ಅನ್ಯಾಯವಿದೆ ನೋಡಿ. ಯಾವಾಗಲೂ ಸರಿಯಿದ್ದವನೇ ಬಿಡಬೇಕು. ತಪ್ಪಿದ್ದವನ ಹತ್ತಿರ ಬಿಡುವುದಕ್ಕೆ ಏನಿರುತ್ತದೆ?

ಇರಲಿ, ಬಿಟ್ಟೆ. ಅಂದಿನಿಂದ ಭಾವ ಏನೇ ಹೇಳಲಿ, "ಹೌದು ಭಾವ" ಎನ್ನುವ ವ್ರತ ಹಿಡಿದೆ. ಮನಸ್ಸು ಹಗುರವಾಯಿತು. ಊಟವೂ ಸೇರತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಎಂಥ ದೊಡ್ಡ ಮನುಷ್ಯ ಎಂದು ನನಗೇ ತಿಳಿಯಿತು. ಒಂದು ದಿನ ಅಕ್ಕ ಅಡುಗೆಮನೆಗೆ ಕರೆದು, "ಹೌದು ಅನ್ನುವಾಗ ತುಟಿಯಂಚಿನಲ್ಲಿ ನಗುತ್ತೀಯಲ್ಲ, ಅದನ್ನು ಮೊದಲು ನಿಲ್ಲಿಸು. ಅದಕ್ಕಿಂತ ನಿನ್ನ ವಾದವೇ ವಾಸಿ" ಎಂದಳು.

ಬಾಹುಬಲಿಗೂ ಇದೇ ತೊಂದರೆಯಾಗಿತ್ತಂತೆ. ವರ್ಷವಿಡೀ ನಿಂತು, ಮೈಮೇಲೆ ಬಳ್ಳಿ ಹಬ್ಬಿ, ಕಾಲಬುಡದಲ್ಲಿ ಹುತ್ತ ಬೆಳೆದರೂ ಕೇವಲಜ್ಞಾನ ದಕ್ಕಲಿಲ್ಲ. ನಿಂತ ನೆಲ ಅಣ್ಣನದು ಎಂಬ ಸಣ್ಣ ಮುಳ್ಳೊಂದು ಒಳಗೆ ಉಳಿದಿತ್ತು ಎನ್ನುತ್ತದೆ ಕಥೆ. ಅಂಥವನಿಗೇ ಹಾಗಾದ ಮೇಲೆ ನನ್ನದೇನು? ನನ್ನ ಮುಳ್ಳಿನ ಉದ್ದವೇ 57 ಅಡಿ.

ಮುಳ್ಳನ್ನು ಕೀಳಲೇಬೇಕೆಂದು ಯುಗಾದಿಯ ದಿನ ಊಟಕ್ಕೆ ಕೂತಾಗ ನಾನಾಗಿಯೇ ಮಾತು ತೆಗೆದೆ. ತುಟಿಯನ್ನು ಬಿಗಿ ಹಿಡಿದು, "ಏನೇ ಹೇಳಿ ಭಾವ, ವಿಶ್ವೇಶ್ವರಯ್ಯನವರು ವಿಧಾನಸೌಧವನ್ನು ಎಷ್ಟು ಚೆನ್ನಾಗಿ ಕಟ್ಟಿಸಿದರು!" ಎಂದೆ.

ಭಾವ ಒಬ್ಬಟ್ಟನ್ನು ಎಲೆಗಿಟ್ಟರು.

"ಯಾರೋ ಹೇಳಿದ್ದು ನಿನಗೆ? ಕಟ್ಟಿಸಿದ್ದು ಕೆಂಗಲ್ ಹನುಮಂತಯ್ಯ. ಇಷ್ಟು ಓದಿಕೊಂಡು ಅಷ್ಟೂ ಗೊತ್ತಿಲ್ಲವೇ?"

ಮಕ್ಕಳೆಲ್ಲ ನನ್ನತ್ತ ನೋಡಿದರು. "ಅದನ್ನು ನಿಮಗೆ ನಾನೇ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಎಲೆಗೆ ತುಪ್ಪ ಸುರಿದಳು.

"ಇನ್ನೊಂದು ಒಬ್ಬಟ್ಟು ಹಾಕೇ ಅವನಿಗೆ" ಎಂದರು ಭಾವ. "ಪಾಪ, ಕಲಿಯುವ ಆಸೆಯಂತೂ ಇದೆ."