ಸ್ವದಾರುವ್ರತಿಗಳು

ಬೆಂಗಳೂರಿನ ಶ್ರೀಗಂಧದ ಕಾವಲಿನ ಬೀದಿಗಳಲ್ಲಿ ಸಂಚರಿಸುವವರಿಗೆ ಅರ್ಧಕ್ಕೆ ನಿಂತ ಮನೆಗಳು ಅಪರೂಪವೇನಲ್ಲ. ಹಣ ಸಾಲದೆ ನಿಂತವು ಕೆಲವು, ದಾಯಾದಿಗಳ ವ್ಯಾಜ್ಯದಿಂದ ನಿಂತವು ಕೆಲವು, ಮೆಟ್ಟಿಲು ಯಾವ ದಿಕ್ಕಿಗಿರಬೇಕೆಂಬುದರಲ್ಲಿ ಇಬ್ಬರು ವಾಸ್ತುಪಂಡಿತರು ಒಮ್ಮತಕ್ಕೆ ಬಾರದೆ ನಿಂತವು ಮತ್ತೆ ಕೆಲವು. ಆದರೆ ಗೋಡೆ ಎದ್ದು, ತಾರಸಿ ಮುಗಿದು, ಬಣ್ಣವೂ ಬಳಿಯಲ್ಪಟ್ಟು, ಬಾಗಿಲೊಂದನ್ನುಳಿದು ಸಕಲವೂ ಸಿದ್ಧವಾಗಿದ್ದು, ಬಾಗಿಲಿರಬೇಕಾದ ಸ್ಥಾನದಲ್ಲಿ ತಗಡಿನ ಹಾಳೆಯೊಂದನ್ನು ತಂತಿಯಿಂದ ಬಿಗಿದಿರುವ ಮನೆಯನ್ನು ನೀವು ಕಂಡಿರಾದರೆ, ಅದು ಸ್ವದಾರುವ್ರತಿಯೊಬ್ಬರ ನಿವಾಸವೆಂದು ನಿಸ್ಸಂಶಯವಾಗಿ ತಿಳಿಯಬಹುದು.

ಸ್ವದಾರವ್ರತವನ್ನು ಎಲ್ಲರೂ ಬಲ್ಲರು. ತನ್ನ ಪತ್ನಿಯಲ್ಲದೆ ಪರಸ್ತ್ರೀಯತ್ತ ಕಣ್ಣೆತ್ತದಿರುವುದು ಜೈನ ಗೃಹಸ್ಥರಿಗೆ ವಿಹಿತವಾದ ಅಣುವ್ರತಗಳಲ್ಲೊಂದು. ಅದಕ್ಕೊಂದು ಕೊಂಬು ಕೊಟ್ಟರೆ ಆಗುವ ಸ್ವದಾರುವ್ರತವು ಅದಕ್ಕಿಂತಲೂ ಕಠಿಣವಾದದ್ದು: ತನ್ನ ತೋಟದ ಮರವಲ್ಲದೆ ಪರರ ತೋಟದ ಮರವನ್ನು ಮನೆಯ ಹೊಸ್ತಿಲೊಳಗೆ ಬಿಟ್ಟುಕೊಳ್ಳದಿರುವುದು. ಮೊದಲನೆಯ ವ್ರತದಿಂದ ಸಂಸಾರದಲ್ಲಿ ಶಾಂತಿ ನೆಲಸುತ್ತದೆ. ಎರಡನೆಯದರಿಂದ ಏನಾಗುತ್ತದೆಂಬುದನ್ನು ವ್ರತಸ್ಥರ ಧರ್ಮಪತ್ನಿಯರನ್ನೇ ಕೇಳಬೇಕು.

ಈ ವರ್ಗದವರು ಸಾಮಾನ್ಯವಾಗಿ ಅರುವತ್ತು ದಾಟಿದವರು. ಕಚೇರಿಯಿಂದಲೋ ಶಾಲೆಯಿಂದಲೋ ನಿವೃತ್ತರಾಗಿ, ಮೂವತ್ತು-ನಲವತ್ತರ ನಿವೇಶನದ ಮೇಲೆ ಭವಿಷ್ಯನಿಧಿಯನ್ನೆಲ್ಲ ಸುರಿದು, ಮಾಗಡಿಯಾಚೆಗೋ ಕುಣಿಗಲಿನ ಕಡೆಗೋ ಪಿತ್ರಾರ್ಜಿತವಾದ ಎರಡು ಮೂರು ಎಕರೆಯನ್ನು ಇನ್ನೂ ಉಳಿಸಿಕೊಂಡಿರುವವರು. ಆ ಭೂಮಿಯಿಂದ ಅವರಿಗೆ ವರ್ಷಕ್ಕೆ ಬರುವುದು ನಾಲ್ಕು ಚೀಲ ರಾಗಿ, ಒಂದಷ್ಟು ತೆಂಗಿನಕಾಯಿ, ಊರಲ್ಲಿರುವ ತಮ್ಮನ ಕಡೆಯಿಂದ ಒಂದು ದೂರು. ಗಣಿತದ ಉಪಾಧ್ಯಾಯರಾಗಿದ್ದು ಈಗ ನಮ್ಮ ಬೀದಿಯವರಿಂದ ‘ಹಲಸಿನ ಮೇಷ್ಟ್ರು’ ಎಂಬ ಬಿರುದನ್ನು ಪಡೆದಿರುವ ಮಹನೀಯರು ಈ ವರ್ಗದ ಸಕಲ ಲಕ್ಷಣಗಳನ್ನೂ ಒಬ್ಬರೇ ಧರಿಸಿರುವುದರಿಂದ, ಅವರನ್ನು ವರ್ಣಿಸಿದರೆ ಉಳಿದವರನ್ನು ವರ್ಣಿಸಿದಂತೆಯೇ.

ಮೇಷ್ಟ್ರ ತೋಟದಲ್ಲಿ ಅವರ ತಾತ ನೆಟ್ಟ ಹಲಸಿನ ಮರವೊಂದೂ ತಂದೆ ಬೇಲಿಯ ಸಾಲಿಗೆ ಹಚ್ಚಿದ ತೇಗದ ಮರಗಳು ನಾಲ್ಕೂ ಇದ್ದವು. ಮನೆಯ ನಕ್ಷೆ ಸಿದ್ಧವಾದ ದಿನವೇ ಅವರು ಕುಟುಂಬದವರನ್ನು ಕೂರಿಸಿಕೊಂಡು, ಬಾಗಿಲು ಕಿಟಕಿಗಳಿಗೆ ಹೊರಗಿನಿಂದ ಒಂದು ರೀಪನ್ನೂ ತರತಕ್ಕದ್ದಲ್ಲವೆಂದು ಪ್ರತಿಜ್ಞೆ ಮಾಡಿದರು. ಇಂದಿನ ಬೆಂಗಳೂರಿನಲ್ಲಿ ಬಾಗಿಲುವಾಡವನ್ನು ಕೊಳ್ಳುವುದೆಂದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೋ ಕಾಮಾಕ್ಷಿಪಾಳ್ಯಕ್ಕೋ ಹೋಗಿ, ಘಾನಾ ತೇಗ, ನೈಜೀರಿಯಾ ತೇಗ, ಮಲೇಷಿಯಾ ಸಾಲ್ ಎಂದು ಭೂಗೋಳದ ಪಾಠವನ್ನೊಪ್ಪಿಸುವ ವರ್ತಕರ ಮುಂದೆ ಕುಳಿತು, ಚಹಾ ಕುಡಿದು, ಸಂಜೆಯೊಳಗೆ ಮನೆಗೆ ತರುವ ಮಾತು. ಬರ್ಮಾ ದೇಶವು 2014ರಲ್ಲಿ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿದ್ದರೂ ‘ಬರ್ಮಾ ಟೀಕ್’ ಎಂಬ ಮಾತು ಅಂಗಡಿಗಳಿಂದ ಇನ್ನೂ ಹೋಗಿಲ್ಲ. “ಯಾವ ದೇಶದ ಯಾವ ಕಾಡಿನದೋ, ಯಾರ ಮರವೋ! ಅದನ್ನ ದೇವರ ಮನೆಗೆ ಹಾಕೋದೇ?” ಎಂಬುದು ಮೇಷ್ಟ್ರ ಪ್ರಶ್ನೆ. ಪರದೇಶದ ಮರಗಳಿಗಿಂತಲೂ ಅವರಿಗೆ ಅಸಹ್ಯವಾದುದು ಪ್ಲೈವುಡ್ಡು. ಆ ಪದವನ್ನು ಅವರು ಉಚ್ಚರಿಸುವಾಗ ಮುಖದಲ್ಲಿ ಮೂಡುವ ಭಾವವನ್ನು ಕಂಡವರು ಅದನ್ನು ಬೈಗುಳಗಳ ಸಾಲಿಗೆ ಸೇರಿಸಿಕೊಂಡಾರು. ನೆಂಟರ ಮನೆಗೆ ಹೋದರೆ ಕರೆಗಂಟೆಯನ್ನೊತ್ತುವ ಮುನ್ನ ಬೆರಳಗಂಟಿನಿಂದ ಬಾಗಿಲನ್ನು ಕುಟ್ಟಿ, ಶಬ್ದವನ್ನಾಲಿಸಿ, “ಒಳಗೆ ಪೊಳ್ಳು” ಎಂದು ನಿರ್ಣಯ ನೀಡಿದ ಬಳಿಕವೇ ಅವರು ಕ್ಷೇಮಸಮಾಚಾರಕ್ಕೆ ಇಳಿಯುವರು.

ತನ್ನ ಮರವನ್ನು ತಾನು ಕಡಿಯುವುದಕ್ಕೆ ಯಾರ ಅಪ್ಪಣೆ ಬೇಕೆಂದು ಹಳ್ಳಿಯ ತಮ್ಮ ಕೊಡಲಿಯನ್ನೆತ್ತಿಕೊಂಡನಂತೆ. ಆದರೆ ನ್ಯಾಯನಿಷ್ಠರಾದ ಮೇಷ್ಟ್ರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ಆದ್ಯಂತ ಓದಿ, ನೀಲಗಿರಿ, ಸರ್ವೆ, ತೆಂಗು, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯಿದ್ದು ತೇಗಕ್ಕೆ ವೃಕ್ಷಾಧಿಕಾರಿಗಳ ಅನುಮತಿ ಅವಶ್ಯವೆಂಬುದನ್ನು ಮನಗಂಡು, ಪಹಣಿಯ ಪ್ರತಿಯನ್ನೂ ನಕ್ಷೆಯನ್ನೂ ಲಗತ್ತಿಸಿ, ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಅರ್ಜಿಯನ್ನು ಬರೆದರು. ಕಡಿದುದಕ್ಕೆ ಪ್ರತಿಯಾಗಿ ಸಸಿ ನೆಡಬೇಕೆಂಬ ವಿಧಿಯನ್ನೂ ಅದೇ ಕಾನೂನಿನಲ್ಲಿ ಕಂಡು ಸಂತೋಷಪಟ್ಟರು. ದಿಮ್ಮಿಗಳನ್ನು ಸಾಗಿಸುವುದಕ್ಕೆ ರಹದಾರಿ ಬೇರೆ. ಇವೆಲ್ಲವೂ ಕೈಸೇರುವ ವೇಳೆಗೆ ಶ್ರೀಗಂಧದ ಕಾವಲಿನಲ್ಲಿ ಮನೆಯ ಗೋಡೆಗಳು ಕಿಟಕಿಯ ಮಟ್ಟವನ್ನು ಮೀರಿದ್ದವು. ಗಾರೆಯವನು ಚೌಕಟ್ಟುಗಳ ಸ್ಥಾನವನ್ನು ಬರಿದಾಗಿ ಬಿಟ್ಟು ಮೇಲಕ್ಕೆ ಹೊರಟುಹೋದನು.

ಕೃಷ್ಣಪಕ್ಷದಲ್ಲಿ ಕಡಿದ ಮರಕ್ಕೆ ಕುಟ್ಟೆ ಹಿಡಿಯದೆಂಬ ಹಿರಿಯರ ನಂಬುಗೆಯಂತೆ ಅಮಾವಾಸ್ಯೆಗೆ ಎರಡು ದಿನ ಮುಂಚಿತವಾಗಿ ಮರಗಳು ಉರುಳಿದವು. ತಾವೇ ದಿಮ್ಮಿಯನ್ನು ಹಲಗೆಯಾಗಿಸಬೇಕೆಂಬುದು ಮೇಷ್ಟ್ರ ಮೊದಲ ಆಸೆ. ಅವರ ಬಾಲ್ಯದಲ್ಲಿ ಊರೊಳಗೇ ನೆಲದಲ್ಲಿ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನಿರಿಸಿ, ಮಸಿಯಲ್ಲಿ ಅದ್ದಿದ ನೂಲನ್ನು ಎಳೆದು ಮಿಡಿದು ಗೆರೆ ಮಾಡಿ, ಒಬ್ಬನು ಮೇಲೆ ನಿಂತು ಒಬ್ಬನು ಗುಂಡಿಯೊಳಗಿಳಿದು ಆಳುದ್ದದ ಗರಗಸವನ್ನು ದಿನವಿಡೀ ಎಳೆಯುತ್ತಿದ್ದರು. ಕೆಳಗಿದ್ದವನ ತಲೆ, ಹುಬ್ಬು, ಮೀಸೆಗಳೆಲ್ಲ ಹೊಟ್ಟಿನಿಂದ ಹಳದಿಯಾಗುತ್ತಿದ್ದವು. ಆ ಕಾಲದಲ್ಲಿ ತೋಟದ ಮರದಿಂದ ಮನೆ ಕಟ್ಟಿದವನನ್ನು ಯಾರೂ ಕೊಂಡಾಡುತ್ತಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತೊಲೆಗೆ ಮತ್ತಿ, ಬಾಗಿಲಿಗೆ ಹೊನ್ನೆ ಅಥವಾ ಹಲಸು, ಜಂತೆಗೆ ಸಿಕ್ಕಿದ್ದು, ಸುಗ್ಗಿ ಮುಗಿದ ಮೇಲೆ ಆಚಾರ್ರು ಉಳಿ ಬಾಚಿಗಳ ಚೀಲದೊಡನೆ ಬಂದು ಜಗಲಿಯಲ್ಲಿ ತಿಂಗಳೊಪ್ಪತ್ತು ಬೀಡುಬಿಡುವರು, ಕೂಲಿಯನ್ನು ರಾಗಿಯಲ್ಲಿ ಅಳೆಯುವರು, ಅಷ್ಟೇ. ಅದು ಪೌರುಷವೂ ಆಗಿರಲಿಲ್ಲ, ವ್ರತವೂ ಆಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಆವಶ್ಯಕತೆ ತೀರಿಹೋದ ಮೇಲೆಯೇ ಅದು ವ್ರತವಾಯಿತು. ಅದನ್ನು ಆಚರಿಸುವವರು ಹಳ್ಳಿಯಲ್ಲಿರುವ ತಮ್ಮಂದಿರಲ್ಲ (ಅವರು ಕಬ್ಬಿಣದ ಬಾಗಿಲು ಹಾಕಿಸಿಕೊಂಡು ನೆಮ್ಮದಿಯಿಂದಿದ್ದಾರೆ), ನಗರದಲ್ಲಿರುವ ಅಣ್ಣಂದಿರು.

ಗುಂಡಿಗೆ ಇಳಿಯುವವರು ಸಿಗದುದರಿಂದ ದಿಮ್ಮಿಗಳು ಸಾಮಿಲ್ಲಿಗೆ ಬಂದವು. ಸಾಮಿಲ್ಲುಗಳೂ ಈಗ ಮೊದಲಿನಂತೆ ಬೀದಿಗೊಂದಿಲ್ಲ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ತರುವಾಯ ಪರವಾನಗಿಯಿಲ್ಲದೆ ಗರಗಸ ತಿರುಗುವಂತಿಲ್ಲ. ಅಲ್ಲಿ ಮೇಷ್ಟ್ರು ಮೊದಲು ತೆಗೆದದ್ದು ಅಳತೆಯ ತಕರಾರು. ಮರದ ವ್ಯಾಪಾರದಲ್ಲಿ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವುದು ರೂಢಿ. ಆರು ಅಡಿ ಸುತ್ತಳತೆಯ, ಹತ್ತಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 22.5 ಘನ ಅಡಿ. ಶುದ್ಧ ರೇಖಾಗಣಿತದಲ್ಲಿ 28.6ಕ್ಕಿಂತ ಮೇಲೆ. ಕೊಯ್ಲಿನ ಕೂಲಿಯನ್ನು ಕೊಡುವಾಗ ರೂಢಿಯ ಲೆಕ್ಕವೇ ಪ್ರಮಾಣವೆಂದೂ, ಮರದ ಹಿರಿಮೆಯನ್ನು ಬೀದಿಯವರಿಗೆ ಹೇಳುವಾಗ ರೇಖಾಗಣಿತವೇ ಪ್ರಮಾಣವೆಂದೂ ಮೇಷ್ಟ್ರು ಸಿದ್ಧಾಂತ ಮಾಡಿಕೊಂಡಿರುವರು. ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಇಷ್ಟು ಸ್ವಾತಂತ್ರ್ಯ ಸಲ್ಲತಕ್ಕದ್ದೇ.

ದಿಮ್ಮಿಯನ್ನು ಗಾಡಿಯ ಮೇಲೇರಿಸುವ ಮುನ್ನ ಮಿಲ್ಲಿನವನು ಕೇಳಿದನು:

“ಮೊಳೆಗಿಳೆ ಏನಾದ್ರೂ ಇದೆಯಾ ಸಾಮಿ ಒಳಗೆ?”

“ನಮ್ಮ ತಾತ ನೆಟ್ಟ ಮರ ಕಣಯ್ಯ. ಗುಂಡುಸೂಜಿ ಚುಚ್ಚೋಕೂ ಬಿಟ್ಟೋರಲ್ಲ ನಮ್ಮನೇವ್ರು.”

“ಬ್ಲೇಡು ಹೋದ್ರೆ ನಿಮ್ಮ ಲೆಕ್ಕ.”

“ಬರ್ಕೊ, ಬರ್ಕೊ.”

ಮೊದಲ ಹಲಗೆ ಸೊಗಸಾಗಿ ಬಿಟ್ಟಿತು. ಅರಿಶಿನವನ್ನು ಆಗತಾನೇ ಅರೆದಂತಹ ಬಣ್ಣ. ಹಸಿ ಹಲಸಿನ ಆ ಹಳದಿ ಗಾಳಿಬೆಳಕುಗಳಿಗೆ ವರ್ಷ ಕಳೆದಂತೆ ಕಂದುಗೆಂಪಿಗೆ ತಿರುಗುವುದನ್ನು ಹಳೆಯ ವೀಣೆಗಳಲ್ಲಿ ನೋಡಬಹುದು. ಮೇಷ್ಟ್ರು ಅದರ ಮೇಲೆ ಅಂಗೈಯಾಡಿಸಿ ಕಣ್ಣೊರೆಸಿಕೊಂಡರು. ಎರಡನೆಯ ಹಲಗೆಯೂ ಬಿಟ್ಟಿತು. ಮೂರನೆಯದರ ನಡುವೆ ಗರಗಸವು ಕರ್ಕಶವಾಗಿ ಕಿರುಚಿ, ಕಿಡಿ ಚಿಮ್ಮಿ, ಪಟಾರೆಂದು ತುಂಡಾಗಿ, ಮಿಲ್ಲಿನ ನಾಯಿಯೂ ಸೇರಿದಂತೆ ಎಲ್ಲರೂ ಆಚೆಗೆ ಓಡಿದರು. ಉಳಿಯಿಂದ ಕೆತ್ತಿ ನೋಡಲಾಗಿ, ಮರದೊಳಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ಕೊಂಡಿಯೊಂದು ಸುಖವಾಗಿ ಹುದುಗಿಕೊಂಡಿತ್ತು. ಮಿಲ್ಲಿನವನು ಮೌನವಾಗಿ ಪುಸ್ತಕವನ್ನು ತೆಗೆದು ಬ್ಲೇಡಿನ ಬೆಲೆಯನ್ನು ಬರೆದನು. ಮೇಷ್ಟ್ರಾದರೋ ಕೊಂಡಿಯನ್ನು ಕರವಸ್ತ್ರದಲ್ಲಿ ಸುತ್ತಿ, “ನಮ್ಮ ಸೋದರತ್ತೆ ಉಯ್ಯಾಲೆ ಆಡ್ತಿದ್ದದ್ದು ಇದೇ!” ಎಂದು ಪರಮಾನಂದದಿಂದ ನುಡಿದರು. ಅದೀಗ ಅವರ ಷೋಕೇಸಿನಲ್ಲಿ ಮೊಮ್ಮಗನ ಬಹುಮಾನದ ಬಟ್ಟಲಿನ ಪಕ್ಕದಲ್ಲಿದೆ.

ತೇಗದ ಸಂಗತಿಯನ್ನು ಸಂಕ್ಷೇಪವಾಗಿ ಮುಗಿಸುವೆನು. ನಾಲ್ಕು ದಿಮ್ಮಿಗಳ ಒಳಗೂ ಕೆಚ್ಚು ಅಂಗೈಯಗಲ, ಉಳಿದುದೆಲ್ಲ ಬಿಳಿ. “ಇದು ತೇಗ ಅಲ್ಲ ಸಾಮಿ, ತೇಗದ ಮಗು” ಎಂದರು ಆಚಾರ್ರು. ಅದರಿಂದ ಒಂದು ಮಣೆಯೂ ಎರಡು ಸ್ಟೂಲುಗಳೂ ಆದವು.

ಹಲಗೆಗಳು ತಾವರೆಕೆರೆಯ ಮೇಲೆ ಲಾರಿಯಲ್ಲಿ ಬಂದು ಶ್ರೀಗಂಧದ ಕಾವಲನ್ನು ಮುಟ್ಟಿದ ದಿನ ನೆರೆಹೊರೆಯವರೆಲ್ಲ ಕೈಜೋಡಿಸಿ ಇಳಿಸಿದೆವು. ಇನ್ನೇನು ಮುಂದಿನ ಶ್ರಾವಣಕ್ಕೆ ಗೃಹಪ್ರವೇಶವೆಂದು ಭಾವಿಸಿದೆವು. ಹಸಿಮರ ಒಣಗಬೇಕೆಂಬುದು ನಮಗೆ ತಿಳಿಯದು. ದಪ್ಪದ ಒಂದೊಂದು ಅಂಗುಲಕ್ಕೆ ಒಂದೊಂದು ವರ್ಷ ನೆರಳಿನಲ್ಲಿ ಗಾಳಿಗೊಡ್ಡಿರಬೇಕು; ಹಲಗೆ ಹಲಗೆಗಳ ನಡುವೆ ರೀಪುಗಳನ್ನು ಅಡ್ಡವಿಟ್ಟು ಅಟ್ಟಿ ಕಟ್ಟಬೇಕು; ತುದಿಗಳು ಸೀಳದಂತೆ ಬಣ್ಣ ಬಳಿಯಬೇಕು. ಐದು-ಮೂರರ ಚೌಕಟ್ಟಿಗೆ ಮೂರು ವರ್ಷವಾಯಿತು! ಇದನ್ನೆಲ್ಲ ಮೇಷ್ಟ್ರು ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿರುವ ಮರವಿಜ್ಞಾನ ಸಂಸ್ಥೆಗೆ ಹೋಗಿ ಕೇಳಿಕೊಂಡು ಬಂದಿದ್ದರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ 1988ರಲ್ಲಿ ಈಗಿನ ಹೆಸರನ್ನು ಪಡೆದ ಆ ಸಂಸ್ಥೆಯಲ್ಲಿ, ಮರದಲ್ಲಿ ನೂರಕ್ಕೆ ಹನ್ನೆರಡರ ಸುಮಾರಿಗೆ ತೇವ ಇಳಿದ ಮೇಲೆಯೇ ಉಳಿ ಹಾಕಬೇಕೆಂದು ಯಾರೋ ವಿದ್ವಾಂಸರು ಹೇಳಿದರಂತೆ. ಹೇಳಿದವರಿಗೆ ಅದರ ಪರಿಣಾಮ ತಿಳಿದಿರಲಾರದು. ಮೇಷ್ಟ್ರು ಎರಡು ಮುಳ್ಳುಗಳುಳ್ಳ ತೇವಮಾಪಕವೊಂದನ್ನು ಕೊಂಡು ಜೇಬಿನಲ್ಲಿರಿಸಿಕೊಂಡು, ಮದುವೆಯ ಛತ್ರ, ದೇವಸ್ಥಾನ, ದಂತವೈದ್ಯರ ಕೊಠಡಿ ಎನ್ನದೆ ಕಂಡ ಕಂಡ ಬಾಗಿಲುಗಳಿಗೆ ಚುಚ್ಚಿ ಅಂಕಿಯನ್ನು ಸಾರುವುದು ಅಂದಿನಿಂದ ಮೊದಲಾಯಿತು.

ಮೂವತ್ತು-ನಲವತ್ತರ ನಿವೇಶನದಲ್ಲಿ ಹಲಗೆಗಳ ಅಟ್ಟಿಗೆ ನೆರಳೆಲ್ಲಿಯದು? ಕಾರು ಬೀದಿಗೆ ಬಂದಿತು. ಹಲಗೆಗಳು ಕಾರಿನ ಮನೆಗೆ ಹೋದವು. ಅಲ್ಲಿ ಸಾಲದುದು ಮೆಟ್ಟಿಲಿನ ಕೆಳಗೆ, ಮೆಟ್ಟಿಲಿನ ಕೆಳಗೆ ಸಾಲದುದು ಮಂಚಗಳ ಕೆಳಗೆ ಸೇರಿತು. ಮಗಳನ್ನು ನೋಡಲು ಬಂದವರು ಹಲಗೆಗಳ ಮೇಲೆಯೇ ಕುಳಿತು ಉಪ್ಪಿಟ್ಟು ತಿಂದು, ಹುಡುಗಿಯ ಗುಣಶೀಲಗಳಿಗೆ ಬದಲಾಗಿ ಹಲಸಿನ ಗುಣಶೀಲಗಳನ್ನು ಒಂದು ತಾಸು ಕೇಳಿ ಹೋದರು. ಪುಣ್ಯಕ್ಕೆ ವರನ ತಂದೆಯೂ ಸಕಲೇಶಪುರದ ಕಡೆಯ ಸ್ವದಾರುವ್ರತಿಗಳಾದುದರಿಂದ ಸಂಬಂಧ ಕುದುರಿತು. ಮಿಲ್ಲಿನಿಂದ ತಂದ ಹೊಟ್ಟಿನ ಚೀಲಗಳು ಬೇರೆ! ಹೊಟ್ಟಿನ ಒಲೆ ನಗರದಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಆದರೂ ತಮ್ಮ ಮರದ ಹೊಟ್ಟನ್ನು ಬಿಸಾಡಲಾರದೆ ಮೇಷ್ಟ್ರು ಅದನ್ನು ಬೀದಿಯವರಿಗೆಲ್ಲ ಗಿಡಗಳ ಬುಡಕ್ಕೆಂದು ಹಂಚಿದರು, ಗೆದ್ದಲು ಅದರ ಬೆನ್ನಿಗೇ ಬಂದಿತು. “ಏನೂಂದ್ರೆ, ನಾನು ಕಣ್ಮುಚ್ಚೋದರೊಳಗೆ ಆ ಬಾಗಿಲು ಒಂದು ನಿಲ್ಲಿಸಿಬಿಡಿ, ಒಂದ್ಸಲ ಚಿಲಕ ಹಾಕಿ ನೋಡ್ತೀನಿ” ಎಂದು ಮೇಷ್ಟ್ರ ಹೆಂಡತಿ ಅಂದುದನ್ನು ಬೀದಿಯೆಲ್ಲ ಕೇಳಿತು. ತಗಡಿನ ಬಾಗಿಲು ಮಾತನ್ನು ತಡೆಯುವುದಿಲ್ಲ.

ನಡುವೆ ಒಂದು ಮಾತು. ಮೇಷ್ಟ್ರು ಅಂಗಳದ ಮೂಲೆಯಲ್ಲಿ ಶ್ರೀಗಂಧದ ಸಸಿಯೊಂದನ್ನೂ, ಅದಕ್ಕೆ ಬೇರಿನಿಂದ ಆಹಾರವೊದಗಿಸುವ ತೊಗರಿಯ ಗಿಡವೊಂದನ್ನೂ ಬೆಳೆಸಿದ್ದಾರೆ. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ರಾಜವೃಕ್ಷವೆನಿಸಿದ ಈ ಮರ ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದಾಗಿತ್ತು. 2001ರ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೇ ಸೇರಿತು, ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಮರಿಮಗನ ದೇವರ ಮನೆಗೆ ಇದರದೇ ಮಂಟಪವಾಗಬೇಕೆಂಬುದು ಅವರ ಸಂಕಲ್ಪ. ಮರಿಮಗನ ತಂದೆಗೆ ಈಗ ಏಳು ವರ್ಷ.

ಅಂತೂ ಮೂರನೆಯ ವರ್ಷದ ಮಾಘಮಾಸದಲ್ಲಿ, ತೇವಮಾಪಕವು ಅನುಗ್ರಹಿಸಿದ ಶುಭದಿನದಂದು, ಆಚಾರ್ರು ಬಾಗಿಲುವಾಡವನ್ನು ನಿಲ್ಲಿಸಿದರು, ಹೊಸ್ತಿಲ ಪೂಜೆಯಾಯಿತು. ಬಾಗಿಲು ನಿಜವಾಗಿಯೂ ಸುಂದರವಾಗಿದೆ. ಒಂದೊಂದು ಹಲಗೆಯ ಗೆರೆಗಳನ್ನೂ ನೋಡುತ್ತ ನಿಂತರೆ ಒಳಗೆ ಹೋಗುವುದೇ ಮರೆಯುತ್ತದೆ. ಮರೆಯದಿದ್ದರೂ ಹೋಗುವಂತಿಲ್ಲ: ಆಷಾಢದಲ್ಲಿ ಅದು ಉಬ್ಬಿ ತೆರೆಯಲೊಲ್ಲದು, ಚೈತ್ರದಲ್ಲಿ ಕುಗ್ಗಿ ಹಲ್ಲಿಗಳಿಗೆ ಹೆದ್ದಾರಿಯಾಗುವುದು. “ಜೀವ ಇರೋ ಮರ ಸ್ವಾಮಿ, ಉಸಿರಾಡುತ್ತೆ” ಎಂದು ಮೇಷ್ಟ್ರು ಹಿತ್ತಲ ಬಾಗಿಲಿನಿಂದ ನಮ್ಮನ್ನು ಒಳಕ್ಕೆ ಕರೆದೊಯ್ಯುವರು. ಹಿತ್ತಲ ಬಾಗಿಲು ಯಾವುದರದೆಂದು ಯಾರೂ ಕೇಳುವುದಿಲ್ಲ. ಅದನ್ನು ಅವರ ಹೆಂಡತಿ ಕಾಮಾಕ್ಷಿಪಾಳ್ಯದಿಂದ ತರಿಸಿದ್ದು.

ಊರಿನಲ್ಲಿ ಕೊಯ್ಲಿಗೆ ಬಂದ ಮರವುಳ್ಳ ಓದುಗಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಅರ್ಜಿಯನ್ನು ಇಂದೇ ಬರೆಯಿರಿ. ತಳಪಾಯ ತೋಡುವುದಕ್ಕೆ ಮೂರು ವರ್ಷ ಮೊದಲೇ ಮರವನ್ನು ಹಲಗೆ ಮಾಡಿಸಿ, ಊರಿನ ಕೊಟ್ಟಿಗೆಯಲ್ಲಿಯೇ ಒಣಗಲಿಡಿರಿ. ಸಾಮಿಲ್ಲಿಗೆ ಹೋಗುವ ಮುನ್ನ ಮನೆಯ ಹಿರಿಯ ಹೆಂಗಸರನ್ನು ಉಯ್ಯಾಲೆಯ ವಿಷಯವಾಗಿ ವಿಚಾರಿಸಿಕೊಳ್ಳಿರಿ. ಮತ್ತು ಬಾಗಿಲು ನಿಂತು ಒಂದು ಮಳೆಗಾಲ ಕಳೆಯುವವರೆಗೂ ಈ ಸಂಗತಿಯನ್ನು ಬೀದಿಯಲ್ಲಿ ಯಾರಿಗೂ ಹೇಳಬೇಡಿರಿ.