ಪಾತಾಳಕ್ಕಿಳಿದ ಕವಡೆಗಳು

ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವರ ಬಾಳಿನಲ್ಲಿ ರೋಚಕ ಎನ್ನುವಂಥದ್ದು ಏನಾದರೂ ನಡೆದರೆ ಅದು ಬಡ್ಡಿ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಮ್ಮಿಯಾದ ದಿನ ಮಾತ್ರ. ಜಾವಾ ಭಾಷೆಯಲ್ಲಿ ಅದೇ ಬಡ್ಡಿ, ಅದೇ ಕಂತು, ಅದೇ ತಿಂಗಳ ಕೊನೆಯ ವರದಿ ಎಂದು ಕೂದಲು ನರೆಸಿಕೊಂಡ ನಾನು, ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವ ಹಾಗೆ, ಮೊಬೈಲಿನಲ್ಲಿ ಆಡುವ ಚೌಕಾಬಾರ ಮಾಡಿಬಿಡುತ್ತೇನೆಂದು ಹೊರಟೆ. ಆಟವೇನೂ ಬ್ರಹ್ಮವಿದ್ಯೆಯಲ್ಲ. 25 ಮನೆ; ಹೊರಸುತ್ತಿಗೆ 16, ಒಳಸುತ್ತಿಗೆ 8, ನಟ್ಟನಡುವೆ ಕಾಯಿ ಹಣ್ಣಾಗುವ ಮನೆ ಒಂದು. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ನಮ್ಮಮ್ಮ ಸೀಮೆಸುಣ್ಣ ಹಿಡಿದರೆ ಹಾಲು ಉಕ್ಕುವುದರೊಳಗೆ ನೆಲದ ಮೇಲೆ ಬರೆದು ಮುಗಿಸುತ್ತಾಳೆ.

"ಯಾವ ಎಂಜಿನ್ನಲ್ಲಿ ಮಾಡ್ತೀರ ಮಾಮ?" ಎಂದ ಅಕ್ಕನ ಮಗ. ಆಟದ ಎಂಜಿನ್ ಎಂದರೆ ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಒಂದು ವಸ್ತು ಇನ್ನೊಂದಕ್ಕೆ ತಗುಲಿದ್ದನ್ನು ಗಮನಿಸುವುದು, ಬೆರಳು ಎಲ್ಲಿ ಮುಟ್ಟಿತೆಂದು ಹೇಳುವುದು, ಇಷ್ಟನ್ನೂ ಮೊದಲೇ ಮಾಡಿಟ್ಟ ಸರಂಜಾಮು. "ನಿಮಗೆ ಜಾವಾ ಬರತ್ತಲ್ಲ, ಲಿಬ್‌ಜಿಡಿಎಕ್ಸ್ ನೋಡಿ. ಸ್ಲೇ ದ ಸ್ಪೈರ್ ಅನ್ನೋ ಆಟ ಅದರಲ್ಲೇ ಮಾಡಿರೋದು."

ನನಗೆ ಮುಖಭಂಗವಾಯಿತು. ಹಗಲೆಲ್ಲ ಜಾವಾ, ರಾತ್ರಿಯೂ ಜಾವಾ ಎಂದಾದರೆ ಕಚೇರಿಯಿಂದ ಮನೆಗೆ ಬರುವುದಾದರೂ ಯಾಕೆ? ಹಿತ್ತಲ ಗಿಡ ಮದ್ದಲ್ಲ. ಮೈನ್‌ಕ್ರಾಫ್ಟನ್ನೂ ಮೊದಲು ಬರೆದದ್ದು ಜಾವಾದಲ್ಲೇ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಅನ್‌ರಿಯಲ್ ಎಂಜಿನ್ ಇಳಿಸಿಕೊಳ್ಳಲು ಒತ್ತಿಯಾಗಿತ್ತು.

2022ರಲ್ಲಿ ಬಂದ ಅದರ ಐದನೇ ಆವೃತ್ತಿಯ ವಿಡಿಯೊಗಳಲ್ಲಿ ಬಂಡೆಯ ಒಂದೊಂದು ಬಿರುಕೂ ಎದ್ದು ಕಾಣುತ್ತಿತ್ತು. ಚೌಕಾಬಾರದಲ್ಲಿ ಬಂಡೆಗೇನು ಕೆಲಸ ಎಂದು ನಾನು ಕೇಳಿಕೊಳ್ಳಲಿಲ್ಲ. ಆಟದ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ. 5ರಷ್ಟು ರಾಯಧನ ಕೊಡಬೇಕು ಎಂಬ ಷರತ್ತು ಓದಿ, ಅಷ್ಟೊಂದು ಕೊಡಬೇಕಾ ಎಂದು ರಾತ್ರಿ ನಿದ್ದೆಗೆಟ್ಟಿದ್ದು ಬೇರೆ. ಹಿಂದೆ ಅದರಲ್ಲಿ ಜಾವಾದ ಮುಖಚರ್ಯೆಯಿದ್ದ ಅನ್‌ರಿಯಲ್‌ಸ್ಕ್ರಿಪ್ಟ್ ಎಂಬ ಭಾಷೆಯಿತ್ತು; 2014ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಕೈಬಿಟ್ಟರು. ನಾನು ಹೋಗುವಾಗ ಉಳಿದದ್ದು ಸಿ ಪ್ಲಸ್ ಪ್ಲಸ್, ಇಲ್ಲವೇ ಪೆಟ್ಟಿಗೆಗಳ ನಡುವೆ ತಂತಿ ಎಳೆಯುತ್ತ ಹೋಗುವ ಬ್ಲೂಪ್ರಿಂಟ್. ಬ್ಲೂಪ್ರಿಂಟ್ ಏನಿದ್ದರೂ ಮಕ್ಕಳಿಗೆ ಎಂದು ತಳ್ಳಿಹಾಕಿದೆ. ಸಿ ಪ್ಲಸ್ ಪ್ಲಸ್ ನಾನು ಕಾಲೇಜಿನಲ್ಲಿ ಓದಿದ್ದೆನಲ್ಲ. ಓದಿದ್ದು ಎಂದರೆ, ಫಿಬೊನಾಚಿ ಸರಣಿ ಮುದ್ರಿಸಿ ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸಿಕೊಂಡಿದ್ದು.

ಲ್ಯಾಪ್‌ಟಾಪಿನ ಫ್ಯಾನು ಎಷ್ಟು ಜೋರಾಗಿ ಕೂಗುತ್ತಿತ್ತೆಂದರೆ ನನ್ನಾಕೆ ಅಡುಗೆಮನೆಗೆ ಓಡಿಹೋಗಿ ಬಂದು, "ರೀ, ಮಿಕ್ಸಿ ಆಫ್ ಆಗಿದೆ, ಮತ್ತೆ ಇದೇನು ಸದ್ದು?" ಎಂದಳು. ಅಂತೂ ಮಣೆ ಸಿದ್ಧವಾಯಿತು. ಹೊಳೆಯುವ ನಾಲ್ಕು ಕವಡೆ, ಅವುಗಳ ಮೇಲೆ ಬೆಳಕು, ಕೆಳಗೆ ನೆರಳು. ಅಮ್ಮನನ್ನು ಕರೆದು ಕೂರಿಸಿ ಗುಂಡಿ ಒತ್ತಿದೆ. ಕವಡೆಗಳು ಚಿಮ್ಮಿದವು, ಗಿರ್ರನೆ ತಿರುಗಿದವು, ಮಣೆಯ ಮೇಲೆ ಬಿದ್ದವು. ಅಷ್ಟೇ ಸಲೀಸಾಗಿ ಮಣೆಯನ್ನು ತೂರಿಕೊಂಡು ಕೆಳಗೆ ಹೋದವು. ಮೇಲೆ ಬಿದ್ದದ್ದನ್ನು ತಡೆಹಿಡಿಯಬೇಕು ಎಂದು ಮಣೆಗೆ ನಾನು ಹೇಳಿಯೇ ಇರಲಿಲ್ಲ. ಅನ್‌ರಿಯಲ್ ಲೋಕದ ತಳದಲ್ಲಿ ಒಂದು ಗೆರೆಯಿದೆ, ಅದನ್ನು ದಾಟಿ ಬಿದ್ದ ವಸ್ತುವನ್ನು ಎಂಜಿನ್ ತಾನಾಗಿ ಅಳಿಸಿಹಾಕುತ್ತದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು, "ಕವಡೆ ಎಲ್ಲೋ?" ಎಂದಳು. ಅದೇ ಹೊತ್ತಿಗೆ ನನ್ನ ಕೋಡು ಕೂಡ, ಅಳಿಸಿಹೋದ ಕವಡೆಗಳ ಹತ್ತಿರ ಎಷ್ಟು ಬಿತ್ತೆಂದು ವಿಚಾರಿಸಲು ಹೋಗಿ, ಇಡೀ ಪ್ರೋಗ್ರಾಮಿನೊಂದಿಗೆ ಮಕಾಡೆ ಬಿತ್ತು. ಜಾವಾದಲ್ಲಿ ಕಸ ಗುಡಿಸಲು ಆಳಿದ್ದಾನೆ. ನಾವು ಕೈಯಲ್ಲಿ ಹಿಡಿದದ್ದನ್ನು ಅವನು ಮುಟ್ಟುವುದಿಲ್ಲ. ಅನ್‌ರಿಯಲ್ಲಿನಲ್ಲೂ ಅಂಥ ಆಳಿದ್ದಾನೆ, ಆದರೆ ಇದು ನನ್ನದು ಎಂದು ಚೀಟಿ ಅಂಟಿಸದಿದ್ದರೆ ನಾವು ಹಿಡಿದಿರುವಾಗಲೇ ಗುಡಿಸಿಬಿಡುತ್ತಾನೆ. "ನಮ್ಮ ಕವಡೆ ಮಂಚದ ಕೆಳಗೆ ಹೋಗ್ತಿತ್ತು, ಕೋಲಲ್ಲಿ ತೆಗೀತಿದ್ವಿ" ಎಂದು ಅಮ್ಮ ಎದ್ದುಹೋದಳು.

ಆಮೇಲೆ ಯೂನಿಟಿ. ಅದರ ಭಾಷೆ ಸಿ ಶಾರ್ಪ್. ಜಾವಾಕ್ಕೆ ಅದು ಎಷ್ಟು ಹತ್ತಿರವೆಂದರೆ ಮೊದಲ ಪಾಠಕ್ಕೇ ನಾನು ಪಂಡಿತನಾದೆ, ಆ ಪಾಂಡಿತ್ಯವೇ ಮುಳುವಾಯಿತು. ಕವಡೆಗೊಂದು ಇಂಟರ್‌ಫೇಸ್, ಕವಡೆ ತಯಾರಿಸಲೊಂದು ಫ್ಯಾಕ್ಟರಿ, ಯಾರು ಯಾರ ಕಾಯಿ ಕಡಿದರೆಂಬುದಕ್ಕೆ ಆಡಿಟ್ ಲಾಗ್. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಒಪ್ಪಬೇಕೆನ್ನುವ ಬ್ಯಾಂಕಿನ ಮೇಕರ್-ಚೆಕರ್ ಇಲ್ಲದೆ ಕಾಯಿ ಕಡಿಯಲು ಬಿಡುವುದು ಸರಿಯೇ ಎಂದೂ ಯೋಚಿಸಿದ್ದುಂಟು. ಯೂನಿಟಿಯಲ್ಲಿ ವಸ್ತುಗಳನ್ನು ಹುಟ್ಟಿಸುವುದು ಎಂಜಿನ್ನಿನ ಕೆಲಸ, ನಾವು ಅದು ಕೂಗಿದಾಗ ಓಗೊಡಬೇಕು. ನಾನೋ ಎಲ್ಲವನ್ನೂ ಜಾವಾದ ಚಾಳಿಯಲ್ಲಿ 'ನ್ಯೂ' ಹಾಕಿ ನಾನೇ ಹುಟ್ಟಿಸುತ್ತಿದ್ದೆ, ಅದು ಹಳದಿ ಅಕ್ಷರಗಳಲ್ಲಿ ಗದರುತ್ತಿತ್ತು.

ನಿಜವಾದ ಪಡಿಪಾಟಲು ಭಾಷೆಯದಲ್ಲ, ಗಡಿಯಾರದ್ದು. ಬ್ಯಾಂಕಿನ ಪ್ರೋಗ್ರಾಮು ಗ್ರಾಹಕ ಬಂದು ಕೇಳುವ ತನಕ ಸುಮ್ಮನಿರುತ್ತದೆ. ಆಟದ ಪ್ರೋಗ್ರಾಮು ಸೆಕೆಂಡಿಗೆ 60 ಸಲ "ಈಗೇನು?" ಎನ್ನುತ್ತದೆ, ಒಂದೊಂದು ಸಲಕ್ಕೂ, ಅಂದರೆ ಒಂದೊಂದು ಫ್ರೇಮಿಗೂ, ನಮಗೆ ಸಿಗುವುದು 16 ಚಿಲ್ಲರೆ ಮಿಲಿಸೆಕೆಂಡು. 'ಆಟಗಾರ ಕವಡೆ ಹಾಕುವವರೆಗೂ ಇಲ್ಲೇ ಸುತ್ತುತ್ತಿರು' ಎಂದು ಅದರ ಮಧ್ಯೆ ಒಂದು ಲೂಪ್ ಬರೆದೆ. ಪರದೆ ಮರಗಟ್ಟಿತು. ಆಟಗಾರ ಒತ್ತಿದ್ದು ತಿಳಿಯಬೇಕಾದರೆ ನನ್ನ ಸುತ್ತಾಟ ಮುಗಿಯಬೇಕು, ಸುತ್ತಾಟ ಮುಗಿಯಬೇಕಾದರೆ ಅವನು ಒತ್ತಬೇಕು. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಯೂನಿಟಿಯ ಕತ್ತು ಹಿಸುಕುವುದೇ ದಾರಿಯಾಯಿತು. ಇನ್ನು ಕಾಯಿ ನಡೆಸುವಾಗ ಕಳೆದ ಸಮಯದಿಂದ ಗುಣಿಸಬೇಕು ಎನ್ನುವುದನ್ನು ಬಿಟ್ಟು, ಪ್ರತಿ ಫ್ರೇಮಿಗೆ ಇಷ್ಟು ದೂರ ಎಂದು ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಘನಗಾಂಭೀರ್ಯದಿಂದ ನಡೆಯುತ್ತಿದ್ದ ಕಾಯಿ, ಅಕ್ಕನ ಮಗನ 144 ಹರ್ಟ್ಸ್ ಪರದೆಯಲ್ಲಿ ಬೆನ್ನಿಗೆ ಬೆಂಕಿ ಬಿದ್ದಂತೆ ಓಡಿತು.

ಅಷ್ಟರಲ್ಲಿ 2023ರ ಸೆಪ್ಟೆಂಬರ್ ಬಂತು. ಯೂನಿಟಿಯವರು ಆಟ ಒಂದು ಮಿತಿ ದಾಟಿದ ಮೇಲೆ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ಎಂದು ಘೋಷಿಸಿದರು. ಜಗತ್ತಿನ ಆಟ ತಯಾರಕರೆಲ್ಲ ಸಿಡಿದೆದ್ದರು, ನಾನೂ ಎದ್ದೆ. ಚಿಕ್ಕ ಯೋಜನೆಯವರಿಗೆ ಮಿತಿ 2 ಲಕ್ಷ ಇನ್‌ಸ್ಟಾಲು ಮತ್ತು ವರ್ಷಕ್ಕೆ 2 ಲಕ್ಷ ಡಾಲರ್ ಗಳಿಕೆ. ನನ್ನ ಆಟ ಇದ್ದದ್ದು ಒಂದೇ ಫೋನಿನಲ್ಲಿ, ಅದೂ ನನ್ನದರಲ್ಲಿ, ಅದೂ ಅರ್ಧ. ಆದರೂ ತತ್ವ ತತ್ವವೇ ತಾನೆ? ಮರುವರ್ಷ ಅವರು ಆ ಶುಲ್ಕವನ್ನೇ ರದ್ದು ಮಾಡಿದರು. ಆ ಹೊತ್ತಿಗೆ ನಾನು ಗೋಡೋ ಸೇರಿಯಾಗಿತ್ತು.

ಗೋಡೋ ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮಂಜೂರ್ ಶುರುಮಾಡಿದ್ದು. 2014ರಿಂದ ಮುಕ್ತ, ರಾಯಧನವೂ ಇಲ್ಲ, ಶುಲ್ಕವೂ ಇಲ್ಲ. ಬೇಕಿದ್ದರೆ ಸಿ ಶಾರ್ಪ್‌ನಲ್ಲೇ ಬರೆಯಬಹುದು, ಆದರೆ ಅದಕ್ಕೆ ಬೇರೆ ಆವೃತ್ತಿ ಇಳಿಸಿಕೊಳ್ಳಬೇಕು. ಆ ಸಾಲು ಓದುವ ವ್ಯವಧಾನ ಯಾರಿಗಿದೆ? ಪೈಥಾನ್ ಹೋಲುವ ಜಿಡಿಸ್ಕ್ರಿಪ್ಟ್‌ಗೆ ಸಿಕ್ಕಿಕೊಂಡೆ. ಆವರಣಗಳಿಲ್ಲ, ಅರ್ಧವಿರಾಮವಿಲ್ಲ, ಸಾಲು ಎಷ್ಟು ಒಳಗೆ ಸರಿದಿದೆ ಎಂಬುದರ ಮೇಲೆ ಸಮಸ್ತವೂ ನಿಂತಿದೆ. ಟ್ಯಾಬ್ ಮತ್ತು ಸ್ಪೇಸ್ ಬೆರೆಸಿದರೆ ಮುನಿಸು. ನಾನು ಅದರೊಂದಿಗೆ ಗುದ್ದಾಡುತ್ತಿರುವಾಗ, ಪೈಥಾನ್ ಬಲ್ಲ ಅಕ್ಕನ ಮಗ ಸಂಕ್ರಾಂತಿ ರಜೆಯಲ್ಲಿ ಬಂದವನು ಎಳ್ಳುಬೆಲ್ಲ ತಿನ್ನುತ್ತ ಚೌಕಾಬಾರ ಮಾಡಿ ಮುಗಿಸಿದ.

"ಕವಡೆ ಉರುಳೋದೇ ಇಲ್ವಲ್ಲೋ!"

"ಯಾಕೆ ಉರುಳಬೇಕು ಮಾಮ? ನಾಲ್ಕು ಸಲ ಟಾಸ್ ಹಾಕಿ, ಚಿತ್ರ ತೋರಿಸಿದ್ರೆ ಆಯ್ತು."

ಅಮ್ಮ ಈಗ ಅದನ್ನೇ ಆಡುತ್ತಾಳೆ. ಹೋದ ವಾರ ನನ್ನ ಎರಡು ಕಾಯಿ ಕಡಿದಳು.

ಹಾಗಾಗಿ, ಕೇಳದಿದ್ದರೂ ಹೇಳುತ್ತೇನೆ. ಪೈಥಾನ್ ಬಲ್ಲವರು ಗೋಡೋ ಹಿಡಿಯಿರಿ, ಸಿ ಶಾರ್ಪ್ ಬಲ್ಲವರು ಯೂನಿಟಿ. ಜಾವಾಸ್ಕ್ರಿಪ್ಟ್ ಇದ್ದರೆ ಫೇಸರ್ ಇದೆ. ಲುವಾ ಗೊತ್ತಿದ್ದರೆ ಲವ್ ಇದೆ, 2024ರ ಬಲಾಟ್ರೊ ಆಟ ಅದರಲ್ಲೇ ಆದದ್ದು. ಸಿ ಪ್ಲಸ್ ಪ್ಲಸ್ ನಿಜವಾಗಿ ಬರುವವರಿಗೆ ಮಾತ್ರ ಅನ್‌ರಿಯಲ್. ಲ್ಯಾಬ್ ರೆಕಾರ್ಡು ಲೆಕ್ಕಕ್ಕಿಲ್ಲ. ಜಾವಾದವರಿಗೆ ಲಿಬ್‌ಜಿಡಿಎಕ್ಸ್. ನಡುವೆ ಎಂಜಿನ್ ಬದಲಿಸಲೇಬಾರದು ಎಂದಲ್ಲ. ಸ್ಲೇ ದ ಸ್ಪೈರ್ ಮಾಡಿದವರೂ ಮುಂದಿನ ಆಟಕ್ಕೆ ಯೂನಿಟಿ ಹಿಡಿದು, ಆ ಶುಲ್ಕದ ಗಲಾಟೆಯಲ್ಲಿ ಬಿಟ್ಟು, ಗೋಡೋಗೆ ಹೋದರು. ಅದಕ್ಕೆ ಮೊದಲು, 2019ರಲ್ಲಿ, ಅವರು ಒಂದು ಆಟವನ್ನು ಪೂರ್ತಿ ಮುಗಿಸಿದ್ದರು.