ಎಳ್ಳಮಾಸಿಗೊಂದು ಡೇರೆ

ಸೇಡಂ ಕಡೆಯವರಿಗೆ ಕ್ಯಾಂಪಿಂಗ್ ಅಂದರೆ ಏನೆಂದು ತಿಳಿಸಿಕೊಡುವ ಉತ್ಸಾಹ ಯಾರಿಗಾದರೂ ಇದ್ದರೆ ಅವರು ಮೊದಲು ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಬೇಕು. ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂ ಬರುವವರೆಗೆ ಕಿಟಕಿ ಬಿಟ್ಟು ಏಳಬಾರದು. ಊರೊಳಗೆ ನರಪಿಳ್ಳೆ ಕಾಣುವುದಿಲ್ಲ. ಮುದುಕರು, ಮಕ್ಕಳು, ಬೀಗರು, ಬೀಗರ ಬೀಗರು ಎಲ್ಲ ಹೊಲದಲ್ಲಿ. ಅಲ್ಲಿ ಜೋಳದ ದಂಟು ಸುತ್ತ ನಿಲ್ಲಿಸಿ, ತುದಿಗಳನ್ನು ಕೂಡಿಸಿ ಕಟ್ಟಿದ ಚೂಪು ನೆತ್ತಿಯ ಪುಟ್ಟ ಗುಡಿಸಲು. ಒಳಗೆ ಪಾಂಡವರೆಂದು ಐದು ಕಲ್ಲು. ಪೂಜೆ ಆಯಿತು, ಹೊಲದ ಸುತ್ತ ಭೂಮಿತಾಯಿಗೆಂದು ಚರಗದ ಎಡೆ ಚೆಲ್ಲಿದ್ದಾಯಿತು, ಇನ್ನು ಉಣ್ಣುವುದು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ, ಅಗಸಿ ಹಿಂಡಿ. ಉಂಡವರು ಮರದ ನೆರಳಿಗೆ ಅಡ್ಡಾಗಿ, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಾರೆ. ಜಾಗ ಬುಕ್ ಮಾಡಿದವರಿಲ್ಲ, ತಲೆ ಎಣಿಸಿದವರಿಲ್ಲ, ಮಡಚುವ ಕುರ್ಚಿ ಕೊಂಡವರಿಲ್ಲ.

ನಾವಿರುವುದು ಟೆಕ್ಸಾಸಿನ ಆಸ್ಟಿನ್ನಿನಲ್ಲಿ. ಇಲ್ಲಿ ಹೊಲವಿಲ್ಲ, ಹುಲ್ಲು ಕತ್ತರಿಸದಿದ್ದರೆ ನೋಟೀಸು ಬರುವ ಒಂದು ಹಿತ್ತಲಿದೆ. ಅಲ್ಲೇ ಚಾಪೆ ಹಾಸಿ ರೊಟ್ಟಿ ತಿಂದು ಎಳ್ಳಮಾಸಿ ಆಯಿತೆಂದುಕೊಳ್ಳುತ್ತಿದ್ದೆವು. 2024ರಲ್ಲಿ ಎಳ್ಳಮಾಸಿ ಬಂದದ್ದು ಡಿಸೆಂಬರ್ 30, ಸೋಮವಾರ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಚಿತ್ತಾಪುರದಿಂದ ಅತ್ತಿ ಮಾವ ಬಂದಿದ್ದರು. "ಹಿತ್ಲಾಗ ಎಳ್ಳಮಾಸಿ ಮಾಡೂದಂದ್ರ ಬಚ್ಚಲದಾಗ ಜಾತ್ರಿ ಮಾಡಿದಂಗ" ಎಂದು ಅತ್ತಿ ತೀರ್ಪು ಕೊಟ್ಟರು. ಸರಿ, ಒಂದು ತಾಸಿನ ದಾರಿಯಲ್ಲಿರುವ ಪರ್ಡಿನಾಲೆಸ್ ಫಾಲ್ಸ್ ಸ್ಟೇಟ್ ಪಾರ್ಕಿನಲ್ಲಿ ಒಂದು ರಾತ್ರಿ ಉಳಿಯುವುದೆಂದಾಯಿತು. ಉಳಿಯಲು ಡೇರೆ ಬೇಕು. ಶಾಲೆಯಲ್ಲಿ ಅಮೆರಿಕದ ಮೂಲನಿವಾಸಿಗಳ ಪಾಠ ಓದಿದ್ದ ಮಗಳು ಅವರ ಡೇರೆಯಾದ ಟೀಪೀ ಬೇಕೆಂದಳು, ಚಿತ್ರವನ್ನೂ ತೋರಿಸಿದಳು. ಮಾವ ಕನ್ನಡಕ ಏರಿಸಿ ನೋಡಿದರು. "ಇದು ನಮ್ಮ ಎಳ್ಳಮಾಸಿ ಗುಡಸಲ ಅಲ್ಲೇನವ್ವಾ? ಇವರಿಗ್ಯಾರು ಹೇಳಿಕೊಟ್ರು?"

ಅಲ್ಲಿಗೆ ಆಕಾರ ನಿಶ್ಚಯವಾಯಿತು. ಉಳಿದದ್ದು ದುಡ್ಡಿನ ಮಾತು.

ನಮ್ಮವರು ಸಾಫ್ಟ್‌ವೇರಿನವರು. ನೂರು ಡಾಲರಿನ ಸಾಮಾನು ಕೊಳ್ಳುವ ಮುಂಚೆ ಸಾವಿರ ಡಾಲರಿನಷ್ಟು ಹೊತ್ತು ಖರ್ಚು ಮಾಡದಿದ್ದರೆ ಅವರಿಗೆ ನಿದ್ದೆ ಬಾರದು. ಎಕ್ಸೆಲ್ ತೆರೆದರು. ಮೇಲಿನ ಸಾಲಿನಲ್ಲಿ ದಪ್ಪ ಕ್ಯಾನ್ವಾಸಿನ ಡೇರೆಗಳು. ನೋಡಲು ಚೆಂದ, ಒಳಗೆ ನೀರು ಜಿನುಗುವುದು ಕಡಿಮೆ, ಬಾಳಿಕೆ ಹೆಚ್ಚು. ಬೆಲೆ ಐನೂರು ಡಾಲರಿನಿಂದ ಶುರುವಾಗಿ ಸಾವಿರ ದಾಟುತ್ತಿತ್ತು. ಐದು ಮೀಟರ್ ಅಗಲದ್ದಾದರೆ ಮೂವತ್ತು ಕಿಲೋಗೂ ಮಿಕ್ಕಿದ ಭಾರ, ಮೇಲಾಗಿ ಹಸಿ ಇರುವಾಗ ಮಡಚಿಟ್ಟರೆ ಬೂಷ್ಟು. ಕೆಳಗಿನ ಸಾಲಿನಲ್ಲಿ ಪಾಲಿಯೆಸ್ಟರ್. ನೂರರಿಂದ ಇನ್ನೂರು ಡಾಲರ್, ನಡುವೆ ಒಂದೇ ಕಂಬ, ಐದಾರು ಕಿಲೋ ತೂಕ.

ಈ ಒಂಟಿಕಂಬದ ಡೇರೆ ನಿಜವಾದ ಟೀಪೀ ಅಲ್ಲ ಎಂದು ಇಲ್ಲಿನ ಡೇರೆ ಪಂಡಿತರು ತಕರಾರು ತೆಗೆಯುತ್ತಾರೆ. ಅವರ ಮಾತು ನಿಜವೇ. ಮೂಲನಿವಾಸಿಗಳಾದ ಲಕೋಟಾ, ಶಯೆನ್ ಜನರ ಡೇರೆಗೆ ಸುತ್ತ ಹತ್ತಾರು ಗಳ, ನಡುವೆ ಬರಿದು ನೆಲ, ಅಲ್ಲಿ ಒಲೆ, ನೆತ್ತಿಯಲ್ಲಿ ಹೊಗೆ ಹೋಗಲು ಗಾಳಿಗೆ ತಕ್ಕಂತೆ ತಿರುಗಿಸುವ ಎರಡು ಕಿವಿ. ಹಿಂಬದಿ ನೆಟ್ಟಗೆ, ಮುಂಬದಿ ಇಳಿಜಾರು, ಬಾಗಿಲು ಪೂರ್ವಕ್ಕೆ. ಕಂಬವನ್ನು ನಡುವೆ ತಂದವನು ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಎಂಬ ಅಮೆರಿಕದ ಸೇನಾಧಿಕಾರಿ. ಮೂಲನಿವಾಸಿಗಳ ಡೇರೆ ನೋಡಿ, ಗಳಗಳನ್ನೆಲ್ಲ ಕಿತ್ತು ಒಂದೇ ಕಂಬಕ್ಕೆ ಬಟ್ಟೆ ತೊಡಿಸಿ, 1856ರಲ್ಲಿ ಪೇಟೆಂಟನ್ನೂ ಮಾಡಿಸಿಕೊಂಡ. ಡೇರೆಗೆ ಐದು ಡಾಲರಿನಂತೆ ರಾಯಧನ ಬರಬೇಕಿತ್ತು. ಅಷ್ಟರಲ್ಲಿ ಅಂತರ್ಯುದ್ಧ ಬಂತು. ಈ ಮಹಾಶಯ ದಕ್ಷಿಣದವರ ಕಡೆ ಹೋದ, ಉತ್ತರದವರು ಡೇರೆ ಇಟ್ಟುಕೊಂಡರು, ದುಡ್ಡು ಕೊಡಲಿಲ್ಲ. ಪರರ ಗುಡಿಸಲಿಗೆ ಪೇಟೆಂಟು ಮಾಡಿಸಿದವನಿಗೆ ಹಾಗೇ ಆಗಬೇಕು ಎಂದು ಮಾವನ ಅಭಿಪ್ರಾಯ.

ಈ ಇತಿಹಾಸದಲ್ಲಿ ನನಗೆ ಬೇಕಾದದ್ದು ಬೇರೆಯೇ ಇತ್ತು. ಲಕೋಟಾ ಜನರಲ್ಲಿ ಡೇರೆ ಹೊಲಿಯುವವಳು ಹೆಂಗಸು, ನಿಲ್ಲಿಸುವವಳು, ಕಳಚುವವಳು ಹೆಂಗಸು, ಡೇರೆಯ ಒಡತಿಯೂ ಅವಳೇ. ಊಟದ ಹೊತ್ತಿಗೆ ಇದನ್ನು ಸಭೆಯ ಮುಂದಿಟ್ಟೆ. ಒಡತಿಯೇ ಅಂದ ಮೇಲೆ ಯಾವುದನ್ನು ಕೊಳ್ಳಬೇಕೆಂದು ಹೇಳುವವಳೂ ಅವಳೇ ಆಗಬೇಕಲ್ಲ? ಅತ್ತಿ ಕೂಡಲೇ ನನ್ನ ಪಕ್ಷ ಸೇರಿದರು. ನಮ್ಮವರು, "ನಿಲ್ಲಿಸೂದೂ ನೀವೇ ಅಂದಂಗಾತು" ಎಂದರು. ಆ ಕಲಮನ್ನು ನಾವು ಕೇಳಿಸಿಕೊಳ್ಳಲಿಲ್ಲ.

ಎಂಟು ಜನರ ಡೇರೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದಲ್ಲ, ಆ ಎಂಟು ಜನ ಯಾರು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಸಂಜೆ ಹೋಯಿತು. ಕಂಪನಿಗಳು ಒಬ್ಬೊಬ್ಬರಿಗೆ ಎರಡಡಿ ಅಗಲ ಹಿಡಿದು ಲೆಕ್ಕ ಹಾಕುತ್ತವೆ. ಎರಡಡಿಯಲ್ಲಿ ಮಲಗಿ ರಾತ್ರಿಯಿಡೀ ಮಗ್ಗಲು ಬದಲಿಸದ ಮನುಷ್ಯನನ್ನು ನಾನಂತೂ ಕಂಡಿಲ್ಲ. ಅದರ ಮೇಲೆ ಇದು ಶಂಕು. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರದ ಡೇರೆ ಹಿಡಿಯಿರಿ. ನೆಲ 113 ಚದರ ಅಡಿ, ಕಾಗದದ ಮೇಲೆ ದರ್ಬಾರು. ಐದೂವರೆ ಅಡಿಯ ಮನುಷ್ಯ ತಲೆ ಬಗ್ಗಿಸದೆ ನಿಲ್ಲುವ ಜಾಗ ಎಷ್ಟು ಎಂದು ನಮ್ಮವರು ಲೆಕ್ಕ ತೆಗೆದರು. ಹನ್ನೊಂದು ಚದರ ಅಡಿ. ಅದರ ನಟ್ಟನಡುವೆ ಕಂಬ. ಅಂದರೆ ಒಳಗೆ ನೆಟ್ಟಗೆ ನಿಲ್ಲಬೇಕೆಂದರೆ ಕಂಬವನ್ನು ತಬ್ಬಿಕೊಂಡು ನಿಲ್ಲಬೇಕು. "ಹಿರಣ್ಯಕಶಿಪು ಬಂದ್ರ ನರಸಿಂಹ ಎಲ್ಲಿಂದ ಬರ್ತಾನ ಅಂತ ಕೇಳೂ ಹಂಗೇ ಇಲ್ಲ" ಎಂದು ಮಾವ ನಕ್ಕರು. ಕೂರುವುದಕ್ಕೇನೂ ತೊಂದರೆಯಿಲ್ಲ, ನಾವು ಹೋಗುವುದೇ ಕೂತು ಉಣ್ಣಲು ಎಂದು ಅತ್ತಿ ಹೇಳಿದ ಮೇಲೆ ಚರ್ಚೆ ಮುಗಿಯಿತು.

ಮಳೆಯದು ಇನ್ನೊಂದು ಪುರಾಣ. ಅಗ್ಗದ ಡೇರೆಗಳ ಮೇಲೆ 2000 ಮಿಲಿಮೀಟರ್, 3000 ಮಿಲಿಮೀಟರ್ ಎಂದು ಅಚ್ಚು ಹಾಕಿರುತ್ತಾರೆ. ಮಾವನಿಗೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ವರ್ಷವಿಡೀ ಸುರಿದರೂ ಏಳೆಂಟು ನೂರು ಮಿಲಿಮೀಟರು. ಈ ಡೇರೆ ಸೇಡಂನ ಮೂರು ನಾಲ್ಕು ವರ್ಷದ ಮಳೆಯನ್ನು ಒಂದೇ ರಾತ್ರಿ ತಡೆಯುತ್ತದೆಯೇ? ಅದು ಮಳೆಯ ಅಳತೆ ಅಲ್ಲ, ಬಟ್ಟೆಯ ಮೇಲೆ ಅಷ್ಟೆತ್ತರ ನೀರು ನಿಲ್ಲಿಸಿದರೂ ಒಳಗೆ ಒಸರುವುದಿಲ್ಲವೆಂಬ ಒತ್ತಡದ ಲೆಕ್ಕ ಎಂದು ಮಗ ವಿವರಿಸಿದ. "ಬಟ್ಟಿ ಸೋರಂಗಿಲ್ಲ ಖರೆ, ಹೊಲಿಗಿ?" ಎಂದರು ಮಾವ. ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಅಗ್ಗದ ಡೇರೆ ಸೋರುವುದೇ ಹೊಲಿಗೆಯಲ್ಲಿ. ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ನೋಡಬೇಕು, ಮೂರು ಸಾವಿರವೋ ಎರಡು ಸಾವಿರವೋ ಎಂಬುದು ಆಮೇಲಿನ ಮಾತು.

ಒಲೆಯ ವಿಷಯ ಬೇಗ ಮುಗಿಯಿತು. ಎಷ್ಟೋ ಟೀಪೀಗಳಿಗೆ ಹೊಗೆಕೊಳವೆ ಹೊರಡಲು ಸುಡದ ಬಟ್ಟೆಯ ಕಿಂಡಿ ಕೊಟ್ಟಿರುತ್ತಾರೆ, ತಗಡಿನ ಪುಟ್ಟ ಒಲೆಯನ್ನೂ ಜೊತೆಗೆ ಮಾರುತ್ತಾರೆ. ಒಳಗೆ ಕೂತು ರೊಟ್ಟಿ ಬಡಿಯಬಹುದೆಂದು ಅತ್ತಿಗೆ ಆಸೆ. ಮುಚ್ಚಿದ ಡೇರೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆ ಬಾರದು, ಮಲಗಿದವರು ಏಳುವುದಿಲ್ಲ. ಒಲೆ ಬೇಡವೆಂದೆವು. ರೊಟ್ಟಿ ಮನೆಯಲ್ಲೇ ಬಡಿದದ್ದಾಯಿತು. ಇಂಡಿಯನ್ ಅಂಗಡಿಯ ಬಾಜ್ರಾ ಹಿಟ್ಟು ಮೊದಲಿಗೆ ಹರಿದರೂ ಅತ್ತಿಯ ಕೈಗೆ ಕಡೆಗೆ ಬಗ್ಗಿತು.

ಕೊನೆಗೆ ಕೊಂಡದ್ದು ನೂರೈವತ್ತು ಡಾಲರಿನ ಆಸುಪಾಸಿನ ಪಾಲಿಯೆಸ್ಟರ್ ಟೀಪೀ. ಆರು ಜನರಾದ ನಮಗೆ ಎಂಟು ಜನರದ್ದು. ತಳದ ಬಟ್ಟೆ ಇರುವುದೇ ಆಗಬೇಕೆಂದು ನಾನು ಹಟ ಹಿಡಿದೆ. ಟೆಕ್ಸಾಸಿನಲ್ಲಿ ಬೆಂಕಿ ಇರುವೆ ಎಂಬ ಪ್ರಾಣಿಯಿದೆ, ಚೇಳಂತೂ ನಮ್ಮೂರಿನಷ್ಟೇ ಧಾರಾಳ. ತಳವಿಲ್ಲದ ಡೇರೆ ಹಗುರ, ಅಗ್ಗ ಎಲ್ಲ ನಿಜ. ಆದರೆ ರಾತ್ರಿ ಚಾದರದೊಳಗೆ ಏನೋ ಹರಿದಾಡಿದರೆ ಉಳಿತಾಯ ಯಾರಿಗೂ ನೆನಪಾಗುವುದಿಲ್ಲ.

ಪಾರ್ಕಿಗೆ ಹೋಗಿ ಡೇರೆ ಬಿಚ್ಚಿ ಗೂಟ ಹೊಡೆಯತೊಡಗಿದಾಗ ನಿಜವಾದ ಎಳ್ಳಮಾಸಿ ಶುರುವಾಯಿತು. ಪರ್ಡಿನಾಲೆಸ್ ನದಿ ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಸುಣ್ಣಕಲ್ಲಿನ ಹಾಸುಗಳ ಮೇಲೆ ಹರಿಯುತ್ತದೆ. ಆ ಕಲ್ಲಿಗೆ ಮೂವತ್ತು ಕೋಟಿ ವರ್ಷ. ಪೆಟ್ಟಿಗೆಯಲ್ಲಿ ಬಂದಿದ್ದ ಗೂಟಗಳು ತೆಳ್ಳನೆಯ ತಂತಿ. ನಮ್ಮವರು ಹೊಡೆದ ಮೊದಲನೆಯದು ಪ್ರಶ್ನಾರ್ಥಕ ಚಿಹ್ನೆಯಾಯಿತು, ಎರಡನೆಯದೂ ಅದನ್ನೇ ಕೇಳಿತು. ಮಾವ ಕುರ್ಚಿಯಿಂದ ಎದ್ದು ಬಂದು ಕಾಲಿನಿಂದ ನೆಲ ತಟ್ಟಿದರು. ಅವರು ಶಹಾಬಾದ್ ಹತ್ತಿರದ ಫರಸಿ ಖಣಿಯಲ್ಲಿ ಮೇಸ್ತ್ರಿಯಾಗಿದ್ದವರು. ನಮ್ಮ ಸೀಮೆಯ ಕಥೆಯೆಲ್ಲ ನೆಲದಡಿಯ ಆ ಸುಣ್ಣಕಲ್ಲಿನದೇ. ಅದನ್ನು ಪದರ ಪದರವಾಗಿ ಎಬ್ಬಿಸಿದರೆ ಶಹಾಬಾದ್ ಫರಸಿ, ಪುಡಿಮಾಡಿ ಸುಟ್ಟರೆ ವಾಡಿ, ಸೇಡಂ, ಮಳಖೇಡದ ಸಿಮೆಂಟು.

"ಕೆಳಗ ಫರಸಿ ಅದ. ಎಷ್ಟ್ ಬಡದ್ರೂ ಹೋಗಂಗಿಲ್ಲ. ಸುತ್ತಗಿ ಇಡು ತಮ್ಮಾ" ಎಂದರು.

ನಮ್ಮ ಭೀಮಾ ಕೊಳ್ಳದ ಕಲ್ಲು ಇದಕ್ಕಿಂತ ಎಷ್ಟೋ ಕೋಟಿ ವರ್ಷ ಹಿರಿಯದು ಎಂದು ಮೊಮ್ಮಗ ಹೇಳಿದ್ದೇ ತಡ, ಮಾವನಿಗೆ ಟೆಕ್ಸಾಸಿನ ಮೇಲೆ ಒಂದು ಹಿರಿತನ ಬಂದುಬಿಟ್ಟಿತು. ಅಲ್ಲೇ ಸಡಿಲ ಬಿದ್ದಿದ್ದ ಕಲ್ಲುಗಳನ್ನು, ಕೆಳಗೆ ಚೇಳಿದೆಯೇ ಎಂದು ಕಡ್ಡಿಯಿಂದ ಎಬ್ಬಿಸಿ ನೋಡಿ, ಒಂದೊಂದಾಗಿ ತರಿಸಿದರು. ಹಗ್ಗವನ್ನು ಒಂದು ಸಣ್ಣ ಕಲ್ಲಿಗೆ ಸುತ್ತಿ, ಅದರ ಮುಂದೆ ದೊಡ್ಡದೊಂದನ್ನು ಅಡ್ಡ ಇಡುವುದು. ಗಾಳಿ ಎಳೆದಷ್ಟೂ ಸಣ್ಣದು ಹೋಗಿ ದೊಡ್ಡದಕ್ಕೆ ಕಚ್ಚಿಕೊಳ್ಳುತ್ತದೆ. ಒಂದು ಮೂಲೆಯ ಹಗ್ಗ ಕಾರಿನ ಗಾಲಿಗೆ. ಬಾಗಿಲ ಬದಿಯ ಹಗ್ಗಕ್ಕೆ ಕಲ್ಲು ಸಾಲದಾದಾಗ ಅತ್ತಿ ಕಾರಿನ ಡಿಕ್ಕಿಯಿಂದ ತಮ್ಮ ಖಲಬತ್ತಾ ತೆಗೆದುಕೊಟ್ಟರು. ಇಪ್ಪತ್ಮೂರು ಕಿಲೋ ಮಿತಿಯ ಸೂಟ್‌ಕೇಸಿನಲ್ಲಿ ಚಿತ್ತಾಪುರದಿಂದ ಬಂದ, ಮಸಾಲೆ ಕುಟ್ಟುವ ಕಲ್ಲಿನ ಖಲಬತ್ತಾ. ಅದಕ್ಕಾಗಿ ವಿಮಾನ ನಿಲ್ದಾಣದಲ್ಲಿ ತಮ್ಮ ನಾಲ್ಕು ಶರ್ಟು ಹೊರಗೆ ಹೋದವೆಂದು ನಮ್ಮವರು ತಿಂಗಳುಗಟ್ಟಲೆ ಗೊಣಗಿದ್ದರು. ಆ ಸಂಜೆ ಎದ್ದ ಗಾಳಿಗೆ ಪಕ್ಕದ ಸೈಟಿನವರ ಡೇರೆ ಎರಡು ಸಲ ಮಂಡಿಯೂರಿತು, ನಮ್ಮದು ಕದಲಲಿಲ್ಲ. ಶರ್ಟಿನ ಮಾತನ್ನು ಅವರು ಮತ್ತೆ ಎತ್ತಿಲ್ಲ.

ಐದು ಕಲ್ಲಿಗೆ ಕುಂಕುಮ ಹಚ್ಚಿ ಪೂಜೆಯಾಯಿತು. ಚರಗಕ್ಕೆ ಮಾತ್ರ ಅಡ್ಡಿ ಬಂತು. ವನ್ಯಜೀವಿಗಳಿಗೆ ತಿನ್ನಲು ಹಾಕಬಾರದೆಂಬುದು ಪಾರ್ಕಿನ ನಿಯಮ, ಬುಟ್ಟಿ ಹಿಡಿದು ಹೊರಟ ಅತ್ತಿಗೆ ಎದುರಾದವನು ರೇಂಜರ್. ನಾವು ಜಿಂಕೆಗೆ ಹಾಕುತ್ತಿಲ್ಲ, ಭೂಮಿತಾಯಿಗೆ ಎಂದು ಮೊಮ್ಮಗಳು ಇಂಗ್ಲಿಷಿನಲ್ಲಿ ವಾದಿಸಿದಳು. ಜಿಂಕೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ ಎಂದ ಆತ. ಅತ್ತಿ ಒಂದು ಗಳಿಗೆ ಯೋಚಿಸಿದರು. "ಈ ಹೊಲ ಕಾಯಾವ ಇವನೇ ಅಲ್ಲೇನು? ಹಂಗಾದ್ರ ಚರಗ ಇವನಿಗೇ ಮುಟ್ಲಿ" ಎಂದು ಅವನ ಕೈಗೆ ಎರಡು ಶೇಂಗಾ ಹೋಳಿಗಿ ಇಟ್ಟರು. ಅವನು ತಿಂದ. ತಿಂದ ಮೇಲೆ ಒಂದು ಸೈಟಿಗೆ ಎಂಟೇ ಜನ ಎಂಬ ಇನ್ನೊಂದು ನಿಯಮವನ್ನೂ ನೆನಪಿಸಿದ. ಅತ್ತಿ ಫೋನು ಮಾಡಿ ಕರೆದಿದ್ದ ಕನ್ನಡ ಸಂಘದ ಮೂರು ಸಂಸಾರ ಆಗ ದಾರಿಯಲ್ಲಿತ್ತು. ಅವರು ಪಾರ್ಕಿನ ಪಿಕ್ನಿಕ್ ಜಾಗದಲ್ಲಿ ಕೂರುವಂತಾಯಿತು, ಭಜ್ಜಿ ಅಲ್ಲಿಗೇ ಹೋಯಿತು.

ರಾತ್ರಿ ಮಲಗುವಾಗ ಶಂಕುವಿನ ಇನ್ನೊಂದು ಗುಣ ಬಯಲಾಯಿತು. ಅಂಚಿಗೆ ತಲೆ ಇಟ್ಟರೆ ಮುಖಕ್ಕೆ ಬಟ್ಟೆ ತಾಗುತ್ತದೆ. ಹಾಗಾಗಿ ಎಲ್ಲರ ತಲೆಯೂ ಕಂಬದ ಸುತ್ತ, ಕಾಲು ಹೊರಗೆ. ಆರು ತಲೆ ಒಂದೆಡೆ ಸೇರಿದ ಮೇಲೆ ಯಾರು ನಿದ್ದೆ ಮಾಡುತ್ತಾರೆ? ಹತ್ತು ಗಂಟೆಯ ಮೇಲೆ ಸದ್ದು ಮಾಡಬಾರದೆಂಬ ನಿಯಮಕ್ಕೆ ಹೆದರಿ ಪಿಸುದನಿಯಲ್ಲಿ, ಚಿಂಚೋಳಿ ಕಾಡಿನಲ್ಲಿ ಹುಡುಗನಾಗಿದ್ದಾಗ ದಾರಿ ತಪ್ಪಿದ್ದನ್ನು ಮಾವ ಹೇಳಿದರು. ಅದನ್ನು 2011ರಲ್ಲಿ ವನ್ಯಧಾಮ ಮಾಡಿದ್ದಾರೆ, ಈಗ ತಪ್ಪಿದರೆ ಕೇಸು ಹಾಕುತ್ತಾರೆ ಎಂದು ನಮ್ಮವರು ಸೇರಿಸಿದರು. ನಸುಕಿನಲ್ಲಿ ಟಪ್ ಟಪ್ ಎಂದು ಹನಿ ಬಿತ್ತು. ಆರು ಜನರ ಉಸಿರು ಒಂಟಿ ಪದರದ ಬಟ್ಟೆಗೆ ತಾಗಿ ನೀರಾಗಿ ಇಳಿಯುತ್ತಿತ್ತು. ಅತ್ತಿ ಹೊರಗೆ ಇಣುಕಿ, "ಹೊರಗ ಚುಕ್ಕಿ, ಒಳಗ ಮಳಿ" ಎಂದು ಸೆರಗು ಮುಚ್ಚಿಕೊಂಡರು. ನೆತ್ತಿಯ ಗಾಳಿಕಿಂಡಿಯನ್ನು ಚಳಿಯೆಂದು ಮುಚ್ಚಿದ್ದವರು ಯಾರೆಂಬ ವಿಚಾರಣೆ ಇನ್ನೂ ನಡೆಯುತ್ತಿದೆ.

ವರ್ಷಕ್ಕೊಂದೆರಡು ಸಲ ಹೊರಡುವ ನಮ್ಮಂಥವರಿಗೆ ಅಗ್ಗದ ಟೀಪೀಯೇ ಸಾಕು, ಕ್ಯಾನ್ವಾಸಿನ ದರ್ಬಾರು ಬೇಡ. ಪೆಟ್ಟಿಗೆಯ ಮೇಲಿನ ಸಂಖ್ಯೆಯಲ್ಲಿ ಅರ್ಧವನ್ನಷ್ಟೇ ನಂಬಿ. ಆರು ಮಂದಿಗೆ ನಮ್ಮದೂ ಇಕ್ಕಟ್ಟೇ ಆಯಿತು. ಹೊಲಿಗೆಯ ಪಟ್ಟಿ ನೋಡಿ, ಕಿಂಡಿ ಮುಚ್ಚಬೇಡಿ, ಉಳಿಸಿದ ದುಡ್ಡಿನಲ್ಲಿ ಒಂದು ಡಜನ್ ದಪ್ಪ ಉಕ್ಕಿನ ಗೂಟ ಕೊಳ್ಳಿ. ಆಸ್ಟಿನ್ ಸುತ್ತಮುತ್ತ ಇರುವ ಕನ್ನಡದವರು ಬೇಕಾದರೆ ನಮ್ಮ ಡೇರೆಯನ್ನೇ ಒಯ್ಯಬಹುದು, ಬಾಡಿಗೆಯಿಲ್ಲ. ಖಲಬತ್ತಾ ಮಾತ್ರ ಕೇಳಬೇಡಿ, ಅದು ಅತ್ತಿಯದು.